ಮರದ ಪೆಟ್ಟಿಗೆಯಲ್ಲಿರುವ ಹಳೇ ಹಡಗಿನ ಕ್ರೊನೊಮೀಟರ್ ಮಾರಬೇಕು: ಎಲ್ಲಿಂದ ಶುರು ಮಾಡಲಿ?

ಸಾಗರಿಕ:
ಎಲ್ಲರಿಗೂ ನಮಸ್ಕಾರ. ನಮ್ಮ ಸೋದರಮಾವ ಸರಕು ಹಡಗಿನಲ್ಲಿ ಕೆಲಸಕ್ಕಿದ್ದವರು. ಅವರು ತೀರಿಕೊಂಡ ಮೇಲೆ ಅವರ ಹತ್ತಿರವಿದ್ದ ಕ್ರೊನೊಮೀಟರ್, ಅಂದರೆ ಕಡಲಲ್ಲಿ ಹಡಗು ಎಲ್ಲಿದೆ ಎಂದು ಲೆಕ್ಕ ಹಾಕಲು ಬಳಸುತ್ತಿದ್ದ ನಿಖರ ಗಡಿಯಾರ, ನನ್ನ ಪಾಲಿಗೆ ಬಂದಿದೆ. ಮರದ ಪೆಟ್ಟಿಗೆ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಎರಡು ಪಕ್ಕದಲ್ಲೂ ಹಿಡಿ. ಮೇಲಿನ ಮುಚ್ಚಳ ಎತ್ತಿದರೆ ಒಂದು ಗಾಜಿನ ಮುಚ್ಚಳ. ಅದನ್ನೂ ತೆಗೆದರೆ ಒಳಗೆ ಹಿತ್ತಾಳೆಯ ಬಟ್ಟಲಿನಂಥದ್ದರಲ್ಲಿ ಬೆಳ್ಳಿ ಬಣ್ಣದ ಡಯಲ್. ಪೆಟ್ಟಿಗೆ ಓರೆಯಾದರೂ ಬಟ್ಟಲು ಮಟ್ಟವಾಗಿಯೇ ನಿಲ್ಲುತ್ತದೆ. ಡಯಲ್ ಮೇಲ್ಭಾಗದಲ್ಲಿ 0ಯಿಂದ 56ರವರೆಗೆ ಗುರುತಿರುವ ಪುಟ್ಟ ಮುಳ್ಳು, ಕೆಳಗೆ ಸೆಕೆಂಡಿನ ಮುಳ್ಳು. ಸದ್ಯಕ್ಕೆ ನಿಂತಿದೆ. ಚಾವಿ ಪೆಟ್ಟಿಗೆಯ ಮೂಲೆಯಲ್ಲೇ ಇದೆ.

ನನಗೆ ಇದನ್ನು ನೋಡಿಕೊಳ್ಳುವ ಅನುಕೂಲ ಇಲ್ಲ. ಬೆಲೆ ತಿಳಿದವರ ಕೈಗೆ ಸೇರಲಿ ಎಂಬ ಆಸೆ. ಚೆನ್ನಾಗಿ ಉಜ್ಜಿ, ಕೀ ಕೊಟ್ಟು, ಓಡುವ ವಿಡಿಯೋ ಮಾಡಿ ಜಾಹೀರಾತು ಹಾಕೋಣ ಅಂದುಕೊಂಡಿದ್ದೇನೆ. ಸರಿಯೇ?

ರಿಪೇರಿ ಮೇಜು:
ಮೇಡಂ, ದಯವಿಟ್ಟು ಕೀ ಕೊಡಬೇಡಿ. ಉಜ್ಜಲೂ ಬೇಡಿ. ಮೊದಲು ಕೀ ವಿಷಯ ಹೇಳುತ್ತೇನೆ.

ಮನೆಯ ಗೋಡೆ ಗಡಿಯಾರಕ್ಕೆ ಇರುವ ಸಹನೆ ಇದಕ್ಕಿಲ್ಲ. ಇದರ ಒಳಗೆ ಡಿಟೆಂಟ್ ಎಂಬ ಸಣ್ಣ ಉಕ್ಕಿನ ತುಂಡು ಇರುತ್ತದೆ. ಅದು ಬಾಗುವ ಜಾಗದಲ್ಲಿ ಕಾಗದಕ್ಕಿಂತ ತೆಳು. ಇಡೀ ಚಕ್ರಮಾಲೆಯನ್ನು ತಡೆದು ಹಿಡಿಯುವ ಮಾಣಿಕ್ಯದ ಹರಳು ಅದರ ಮೇಲೇ ಕೂತಿರುತ್ತದೆ. ಅತ್ತಿತ್ತ ತೂಗಾಡಿ ಸಮಯ ಹಿಡಿಯುವ ಬ್ಯಾಲೆನ್ಸ್ ಚಕ್ರ ಒಂದು ಸಲ ಹೋಗಿ ಬರುವಷ್ಟರಲ್ಲಿ ಒಂದೇ ಒಂದು ಸಲ ಅದನ್ನು ಸರಿಸಿ, ಒಂದು ನೂಕು ಪಡೆದು ಹೋಗುತ್ತದೆ. ಇಷ್ಟು ಕಡಿಮೆ ಉಜ್ಜಾಟ ಇರುವುದಕ್ಕೇ ಅದು ಅಷ್ಟು ನಿಖರ. ಆದರೆ ಗಡಿಯಾರ ಓಡುತ್ತಿರುವಾಗ ಪೆಟ್ಟಿಗೆಯನ್ನು ಗಿರ್ ಅಂತ ತಿರುಗಿಸಿದರೆ ಹರಳು ತಪ್ಪಿ ಚಕ್ರ ಹಲ್ಲು ಹಾರಿಸಿಕೊಂಡು ಓಡುತ್ತದೆ. ಡಿಟೆಂಟ್ ಮುರಿದರೆ ಹೊಸದನ್ನು ಕೈಯಲ್ಲೇ ಮಾಡಬೇಕು, ಅದನ್ನು ಮಾಡಬಲ್ಲವರು ತೀರಾ ಕಡಿಮೆ.

ಇನ್ನೊಂದು, ಸ್ಪ್ರಿಂಗಿನ ಬಲವನ್ನು ಹದ ಮಾಡಲು ಫ್ಯೂಸಿ ಎಂಬ ಶಂಕುವಿನಾಕಾರದ ರಾಟೆ ಇದೆ. ಅದಕ್ಕೆ ಸೈಕಲ್ ಚೈನನ್ನೇ ದಾರದಷ್ಟು ಸಣ್ಣ ಮಾಡಿದಂಥ ಸರಪಳಿ ಸುತ್ತಿರುತ್ತದೆ. ಬಹಳ ಕಾಲ ನಿಂತಿದ್ದ ಗಡಿಯಾರಕ್ಕೆ ಪೂರ್ತಿ ಕೀ ಕೊಟ್ಟು ಸ್ಪ್ರಿಂಗ್ ಏನಾದರೂ ಮುರಿದರೆ ಆ ಏಟಿಗೆ ಸರಪಳಿಯೂ ಹೋಗಬಹುದು. ಒಣಗಿದ ಎಣ್ಣೆಯಲ್ಲಿ ಓಡಿಸಿದರೆ ಚಕ್ರಗಳ ಅಚ್ಚಿನ ಮೊನೆಗಳು ಸವೆಯುತ್ತವೆ. ಈಗ ನಿಂತಿದೆ ಅಂದರೆ ಒಳ್ಳೆಯದೇ ಆಯಿತು, ಹಾಗೇ ಇರಲಿ.

ನೌಕಾಯಾನಿ:
ರಿಪೇರಿ ಮೇಜು ಹೇಳಿದ್ದು ನೂರಕ್ಕೆ ನೂರು ಸರಿ. 56ರ ಗುರುತು ಇದೆ ಅಂದರೆ ಅದು ಎರಡು ದಿನದ ಕ್ರೊನೊಮೀಟರ್. ಒಮ್ಮೆ ಕೀ ಕೊಟ್ಟರೆ 56 ಗಂಟೆ ಓಡುತ್ತದೆ. ಆದರೂ ಹಡಗಿನಲ್ಲಿ ದಿನವೂ ಒಂದೇ ಹೊತ್ತಿಗೆ, ಸಾಮಾನ್ಯವಾಗಿ 7½ ಸುತ್ತು ಕೊಡುವುದು ರೂಢಿ. ಬಟ್ಟಲನ್ನು ಮೆಲ್ಲಗೆ ಬೋರಲು ಹಾಕಿ, ತಳದಲ್ಲಿರುವ ಧೂಳಿನ ಮುಚ್ಚಳ ಸರಿಸಿ, ಚಾವಿಯನ್ನು ಎಡಕ್ಕೆ ತಿರುಗಿಸುವುದು. ಆ ಚಾವಿಯೂ ವಿಶೇಷದ್ದೇ. ತಪ್ಪು ದಿಕ್ಕಿಗೆ ತಿರುಗಿಸಿದರೆ ಕಟಕಟ ಎಂದು ಸುಮ್ಮನೆ ಜಾರುತ್ತದೆ, ಒಳಗೆ ಏನೂ ಆಗುವುದಿಲ್ಲ. ನಿಮ್ಮ ಚಾವಿ ಹಾಗೆ ಜಾರುತ್ತದೆಯೇ ಎಂದು ಗಡಿಯಾರಕ್ಕೆ ಹಾಕದೆ ಕೈಯಲ್ಲೇ ನೋಡಿ. ಮೂಲ ಚಾವಿಯೇ ಇದ್ದರೆ ಜಾಹೀರಾತಿನಲ್ಲಿ ಬರೆಯುವಂಥ ಸಂಗತಿ.

ಕೊಳ್ಳುವವರು ಇದಕ್ಕೆ ಯಾಕೆ ಮನಸೋಲುತ್ತಾರೆ ಅಂತಲೂ ತಿಳಿದಿರಲಿ. ಹಡಗು ಪೂರ್ವ-ಪಶ್ಚಿಮಕ್ಕೆ ಎಲ್ಲಿದೆ ಎಂದು ತಿಳಿಯಲು ಸೂರ್ಯನನ್ನು ನೋಡಿ ತಿಳಿದ ಅಲ್ಲಿನ ಸಮಯವನ್ನು ಈ ಗಡಿಯಾರ ತೋರಿಸುವ ಸಮಯದ ಜೊತೆ ಹೋಲಿಸುತ್ತಿದ್ದರು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಹಾಗಾಗಿ ಗಡಿಯಾರ 4 ಸೆಕೆಂಡ್ ತಪ್ಪಿದರೆ ಸಮಭಾಜಕದ ಬಳಿ ಹಡಗಿನ ಲೆಕ್ಕ ಒಂದು ನಾಟಿಕಲ್ ಮೈಲಿ, ಅಂದರೆ 1.852 ಕಿ.ಮೀ. ತಪ್ಪುತ್ತದೆ. ಈ ತೊಂದರೆಗೆ ಪರಿಹಾರ ಹುಡುಕಲು ಬ್ರಿಟಿಷ್ ಸಂಸತ್ತು 1714ರಲ್ಲಿ 20,000 ಪೌಂಡ್ ವರೆಗಿನ ಬಹುಮಾನ ಇಟ್ಟಿತು. ಮೂಲತಃ ಬಡಗಿಯಾಗಿದ್ದ ಜಾನ್ ಹ್ಯಾರಿಸನ್ ಮಾಡಿದ ನಾಲ್ಕನೇ ಗಡಿಯಾರ 1761–62ರಲ್ಲಿ ಜಮೈಕಾಗೆ ಹೋದಾಗ 81 ದಿನಕ್ಕೆ ತಪ್ಪಿದ್ದು 5 ಸೆಕೆಂಡ್ ಮಾತ್ರ. ಆಮೇಲೆ ಜಾನ್ ಅರ್ನಾಲ್ಡ್, ಥಾಮಸ್ ಅರ್ನ್‌ಶಾ ಎಂಬ ಗಡಿಯಾರ ತಯಾರಕರು ಇಬ್ಬರೂ ಸೇರಿ, ಸೇರಿ ಅನ್ನುವುದಕ್ಕಿಂತ ಜಗಳವಾಡಿಕೊಂಡೇ, ಅದನ್ನು ಸರಳ ಮಾಡಿದರು. ನಿಮ್ಮ ಪೆಟ್ಟಿಗೆಯೊಳಗೆ ಇರುವುದು ಬಹುತೇಕ ಅರ್ನ್‌ಶಾ ರೂಪಿಸಿದ ಕಟ್ಟೋಣವೇ. ನೂರೈವತ್ತು ವರ್ಷ ಅದನ್ನು ಯಾರೂ ದೊಡ್ಡದಾಗಿ ಬದಲಾಯಿಸುವ ಅಗತ್ಯ ಬೀಳಲಿಲ್ಲ.

ಸಂಗ್ರಾಹಕ:
ಮಾರಾಟಕ್ಕೆ ಬರೋಣ. ಇಂಥ ವಸ್ತುವಿನಲ್ಲಿ ನೀವು ಮಾರುವುದು ಗಡಿಯಾರದ ಜೊತೆಗೆ ಅದರ ಗುರುತನ್ನೂ. ಹಾಗಾಗಿ ಮೊದಲು ಸಂಖ್ಯೆಗಳನ್ನು ಕೂಡಿಸಿ. ಡಯಲ್ ಮೇಲೆ ತಯಾರಕರ ಹೆಸರಿನ ಹತ್ತಿರ ಒಂದು ಸಂಖ್ಯೆ ಇರುತ್ತದೆ. ಪೆಟ್ಟಿಗೆಯ ಮುಂಭಾಗದಲ್ಲಿ ಹಿತ್ತಾಳೆಯದೋ ಬಿಳಿಯದೋ ಪುಟ್ಟ ಫಲಕದ ಮೇಲೆ ಒಂದು. ಬಟ್ಟಲಿನ ಮೇಲೂ ಸಿಗಬಹುದು. ಎಲ್ಲವೂ ಒಂದೇ ಆಗಿದ್ದರೆ ಒಂದು ಮಾತು, ಬೇರೆ ಬೇರೆ ಆಗಿದ್ದರೆ ಇನ್ನೊಂದು ಮಾತು. ಜೊತೆಗೆ ಡಯಲ್ ಮೇಲೆ ಅಗಲವಾದ ಬಾಣದ ಗುರುತು ಇದೆಯೇ ನೋಡಿ. ಮೂರು ಗೆರೆ ಒಂದು ತುದಿಯಲ್ಲಿ ಕೂಡಿದಂತೆ ಕಾಣುತ್ತದೆ. ಅದಿದ್ದರೆ ಒಂದು ಕಾಲಕ್ಕೆ ಬ್ರಿಟಿಷ್ ಸರ್ಕಾರದ ಸ್ವತ್ತಾಗಿತ್ತು ಎಂದರ್ಥ.

ಡಯಲ್ ಮೇಲಿನ ಹೆಸರೇ ತಯಾರಕರದ್ದು ಅಂತ ತಿಳಿಯಬೇಡಿ. ಬಂದರುಗಳಲ್ಲಿ ಹಡಗಿನ ಉಪಕರಣ ಮಾರುತ್ತಿದ್ದವರು ಬೇರೆಯವರು ಮಾಡಿದ್ದಕ್ಕೆ ತಮ್ಮ ಹೆಸರು ಹಾಕಿಸಿಕೊಳ್ಳುತ್ತಿದ್ದರು. ಇಂಗ್ಲೆಂಡಿನ ಕ್ರೊನೊಮೀಟರ್‌ಗಳ ಒರಟು ಚೌಕಟ್ಟು ಎಷ್ಟೋ ಸಲ ಲ್ಯಾಂಕಶೈರಿನ ಪ್ರೆಸ್ಕಟ್‌ನಿಂದ ಬರುತ್ತಿತ್ತು, ನಯಗೊಳಿಸಿ ಹದ ಮಾಡುವುದು ಲಂಡನ್ನಿನಲ್ಲಿ ಆಗುತ್ತಿತ್ತು. ಇದರಿಂದ ಬೆಲೆ ಬೀಳುವುದಿಲ್ಲ, ಆದರೆ ಜಾಹೀರಾತಿನಲ್ಲಿ "ಇಂಥವರು ತಯಾರಿಸಿದ್ದು" ಎಂದು ಬರೆಯುವ ಬದಲು "ಡಯಲ್ ಮೇಲೆ ಇಂಥವರ ಹೆಸರಿದೆ" ಎಂದು ಬರೆಯಿರಿ.

ಹೊಳಪು:
ಹಳೇ ಹಿತ್ತಾಳೆ ಕಪ್ಪಾಗಿದ್ದರೆ ನೋಡುವವರಿಗೆ ಚೆನ್ನಾಗಿ ಕಾಣಲ್ಲ ಅಲ್ವಾ? ಪಾತ್ರೆಗೆ ಹಾಕೋ ಪಾಲಿಶ್ ಸ್ವಲ್ಪ ಹಚ್ಚಿ ಒರೆಸಿದ್ರೆ ಏನು ತೊಂದರೆ? ಮರಕ್ಕೂ ಒಂದು ಕೋಟ್ ವಾರ್ನಿಶ್ ಹೊಡೆದ್ರೆ ಫೋಟೋದಲ್ಲಿ ಹೊಸದರಂಗೆ ಕಾಣುತ್ತೆ.

ರಿಪೇರಿ ಮೇಜು:
ಹೊಸದರಂತೆ ಕಾಣುವುದೇ ತೊಂದರೆ ಸರ್. ಬಟ್ಟಲಿಗೆ ಹಿಂದೆ ಹಚ್ಚಿದ ಅರಗಿನ ತೆಳುಪದರ ಇರುತ್ತದೆ. ಪಾಲಿಶ್ ಅದನ್ನು ತೇಪೆ ತೇಪೆಯಾಗಿ ಕಿತ್ತುಹಾಕುತ್ತದೆ. ಪಾಲಿಶಿನ ಪುಡಿ ಸಂದಿಗಳಲ್ಲಿ ಕೂತು ಬೆಳ್ಳಗಾಗಿ, ಆಮೇಲೆ ಮೂವ್‌ಮೆಂಟಿನ, ಅಂದರೆ ಗಡಿಯಾರದ ಯಂತ್ರದ, ಒಳಗೂ ಹೋಗುತ್ತದೆ. ಡಯಲ್ ಮೇಲಿನ ಬೆಳ್ಳಿ ಲೇಪವಂತೂ ಬೆರಳಿನಲ್ಲಿ ಜೋರಾಗಿ ಒರೆಸಿದರೂ ಹೋಗುವಷ್ಟು ತೆಳು. ಸೆಕೆಂಡಿನ ವೃತ್ತದ ಸುತ್ತ ಬೂದು ಬಣ್ಣ ಬಂದಿದ್ದರೂ ಮೂಲ ಡಯಲ್ ಇರುವುದಕ್ಕೇ ಹೆಚ್ಚು ಬೆಲೆ. ಒಣ ಮೆತ್ತನೆ ಬ್ರಶ್‌ನಿಂದ ಪೆಟ್ಟಿಗೆಯ ಹೊರಗಿನ ಧೂಳು ತೆಗೆಯಿರಿ, ಅಷ್ಟೇ ಸಾಕು.

ಮರಗೆಲಸ:
ಮರದ ಪರವಾಗಿ ನಾನೂ ಒಂದು ಮಾತು ಹೇಳುತ್ತೇನೆ. ಈ ಪೆಟ್ಟಿಗೆಗಳು ಮಹಾಗನಿಯವೋ ಬೀಟೆ ಜಾತಿಯ ಮರದವೋ ಆಗಿರುತ್ತವೆ. ಮೇಲೆ ಇರುವುದು ಫ್ರೆಂಚ್ ಪಾಲಿಶ್, ಅಂದರೆ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ಹಚ್ಚಿದ್ದು. ಇದರ ಮೇಲೆ ವಾರ್ನಿಶ್ ಬಳಿದರೆ ಆಮೇಲೆ ಅದನ್ನು ತೆಗೆಯುವ ಹೊತ್ತಿಗೆ ಮೂಲ ಪಾಲಿಶ್ ಕೂಡ ಹೋಗಿರುತ್ತದೆ. ಹಿಡಿಯ ಹತ್ತಿರ ಕೈ ತಾಗಿ ತಾಗಿ ಸವೆದ ಜಾಗ, ಮೂಲೆಯಲ್ಲಿ ಹಳೇ ಗೀರು ಇವೆಲ್ಲ ಹಡಗಿನಲ್ಲಿ ಕಳೆದ ದಿನಗಳ ಸಾಕ್ಷಿ. ಬಿಟ್ಟುಬಿಡಿ.

ಮೇಡಂ, ನಿಮ್ಮ ಪೆಟ್ಟಿಗೆಯ ಒಳಗೆ ಬಟ್ಟಲನ್ನು ಹೊತ್ತಿರುವ ಹಿತ್ತಾಳೆ ಕಟ್ಟು ಗೋಡೆಗೆ ಕೂಡುವ ಜಾಗ ನೋಡಿ. ಸ್ಕ್ರೂ ಇಲ್ಲದ ಹಳೆಯ ತೂತುಗಳನ್ನು ಮರದ ಬೆಣೆ ಹಾಕಿ ಮುಚ್ಚಿರುವುದು ಕಂಡರೆ ಫೋಟೋ ಹಾಕಿ. ಪೆಟ್ಟಿಗೆಯ ಕಥೆಯನ್ನು ಡಯಲ್‌ಗಿಂತ ಸ್ಪಷ್ಟವಾಗಿ ಆ ತೂತುಗಳೇ ಹೇಳುತ್ತವೆ.

ಸಾಗರಿಕ:
ಇಷ್ಟು ಬೇಗ ಇಷ್ಟೊಂದು ಮಾಹಿತಿ! ಎಲ್ಲರಿಗೂ ಧನ್ಯವಾದ. ಕೀ ಕೊಟ್ಟಿಲ್ಲ, ಉಜ್ಜಿಲ್ಲ.

ಟಾರ್ಚ್ ಹಾಕಿ ನೋಡಿದೆ. ಡಯಲ್ ಮೇಲೆ ಒಂದು ಬಂದರಿನ ಅಂಗಡಿಯ ಹೆಸರು, ನಾಲ್ಕಂಕಿಯ ಸಂಖ್ಯೆ. ಬಟ್ಟಲಿನ ಮೇಲೆ ಅದೇ ಸಂಖ್ಯೆ ಕೊರೆದಿದೆ. ಆದರೆ ಪೆಟ್ಟಿಗೆಯ ಮುಂದಿನ ಬಿಳಿ ಫಲಕದಲ್ಲಿ ಬೇರೆಯೇ ಸಂಖ್ಯೆ! ಮರಗೆಲಸ ಅವರು ಹೇಳಿದ ಹಾಗೆ ಒಳಗೆ ನೋಡಿದರೆ ಕಟ್ಟಿನ ಎರಡೂ ಕಡೆ ಬೆಣೆ ಹಾಕಿದ ತೂತುಗಳಿವೆ, ಸುತ್ತಲಿನ ಮರಕ್ಕಿಂತ ಬೆಣೆ ಸ್ವಲ್ಪ ತಿಳಿಬಣ್ಣ. ಬಾಣದ ಗುರುತು ಇಲ್ಲ. ಚಾವಿ ಒಂದು ಕಡೆಗೆ ಕಟಕಟ ಅಂತ ಜಾರುತ್ತದೆ. ಮುಚ್ಚಳದ ಒಳಗೆ ಹಳದಿಯಾದ ಪುಟ್ಟ ಚೀಟಿ ಅಂಟಿಸಿದೆ, ಯಾರೋ ಗಡಿಯಾರ ಶುಚಿ ಮಾಡಿದ ದಿನಾಂಕ ಬರೆದಿರಬೇಕು, ಶಾಯಿ ಮಾಸಿದೆ.

ಹಾಗಾದರೆ ಇದು ನಕಲಿಯೇ? ಮನಸ್ಸಿಗೆ ಸ್ವಲ್ಪ ಬೇಜಾರಾಯಿತು.

ಸಂಗ್ರಾಹಕ:
ನಕಲಿ ಖಂಡಿತ ಅಲ್ಲ. ನಕಲಿ ಹೇಗಿರುತ್ತದೆ ಅಂದರೆ ಹೊಳೆಯುವ ಪುಟ್ಟ ಪೆಟ್ಟಿಗೆ, ಹಿತ್ತಾಳೆ ಬಟ್ಟಲಿನಲ್ಲಿ ಸೆಲ್ಲಿನ ಗಡಿಯಾರವೋ ತಲೆಯ ಮೇಲೆ ತಿರುಪು ಇರುವ ಜೇಬು ಗಡಿಯಾರವೋ, ಮೇಲೆ ಮುಳುಗಿದ ಯಾವುದೋ ಪ್ರಸಿದ್ಧ ಹಡಗಿನ ಹೆಸರು. ಅಂಥವು ಅಲಂಕಾರಕ್ಕೆ ಮಾಡಿದವು. ನಿಮ್ಮದರಲ್ಲಿ 56 ಗಂಟೆಯ ಮುಳ್ಳು, ತಳದಿಂದ ಕೀ, ಜಾರುವ ಚಾವಿ, ಬಟ್ಟಲಿಗೂ ಡಯಲಿಗೂ ಹೊಂದುವ ಸಂಖ್ಯೆ ಇಷ್ಟೂ ಇವೆ. ಗಡಿಯಾರ ಅಸಲಿ, ಪೆಟ್ಟಿಗೆ ಬೇರೊಂದು ಕ್ರೊನೊಮೀಟರಿನದು, ಅಷ್ಟೆ. ಪೆಟ್ಟಿಗೆ ಒಡೆದು ಹೋದಾಗ ಸಿಕ್ಕ ಹಳೇ ಪೆಟ್ಟಿಗೆಗೆ ಕೂಡಿಸಿ ಮತ್ತೆ ಹಡಗಿಗೆ ಕಳಿಸುವುದು ಆ ಕಾಲದಲ್ಲಿ ಇದ್ದದ್ದೇ. ಸಂಖ್ಯೆಗಳೆಲ್ಲ ಹೊಂದುವುದಕ್ಕಿಂತ ಬೆಲೆ ಕಡಿಮೆ ಆಗುತ್ತದೆ, ಸುಳ್ಳು ಹೇಳಲಾರೆ. ಆದರೆ ನೀವೇ ಮುಂಚಿತವಾಗಿ ಬರೆದು, ಬೆಣೆಯ ತೂತಿನ ಫೋಟೋ ಹಾಕಿದರೆ ಕೊಳ್ಳುವವರು ಉಳಿದ ಮಾತನ್ನೂ ನಂಬುತ್ತಾರೆ. ಅವರೇ ಕಂಡುಹಿಡಿದರೆ ಉಳಿದದ್ದನ್ನೆಲ್ಲ ಅನುಮಾನಿಸುತ್ತಾರೆ.

ಆ ಚೀಟಿಯನ್ನು ಕೀಳಬೇಡಿ, ಒದ್ದೆ ಬಟ್ಟೆ ತಾಗಿಸಬೇಡಿ. ಓರೆ ಬೆಳಕಿನಲ್ಲಿ ಫೋಟೋ ತೆಗೆದರೆ ಮಾಸಿದ ಅಕ್ಷರ ಕೆಲವೊಮ್ಮೆ ಎದ್ದು ಕಾಣುತ್ತದೆ.

ನೌಕಾಯಾನಿ:
ದಾಖಲೆ ಎಷ್ಟು ಮುಖ್ಯ ಅನ್ನುವುದಕ್ಕೆ ಒಂದು ಉದಾಹರಣೆ. 1831ರಲ್ಲಿ ಬೀಗಲ್ ಹಡಗು ಹೊರಟಾಗ ಅದರಲ್ಲಿ 22 ಕ್ರೊನೊಮೀಟರ್ ಇದ್ದವು. ಡಾರ್ವಿನ್ ಹೋದದ್ದು ಅದೇ ಯಾನದಲ್ಲಿ. ಅವುಗಳಲ್ಲಿ ಒಂದು, ಅರ್ನ್‌ಶಾ ಅವರ 509ನೇ ಸಂಖ್ಯೆಯದ್ದು, ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಕಣ್ಣಿಗೆ ಅದೂ ಎಲ್ಲದರಂತೆ ಒಂದು ಪೆಟ್ಟಿಗೆಯೇ. ಸಂಖ್ಯೆ ಮತ್ತು ದಾಖಲೆ ಇದ್ದದ್ದಕ್ಕೆ ಅದು ಯಾವ ಹಡಗಿನದೆಂದು ಗೊತ್ತು. ಬ್ರಿಟಿಷ್ ನೌಕಾಪಡೆಯ ಕ್ರೊನೊಮೀಟರ್‌ಗಳು ಯಾವ ಹಡಗಿಗೆ ಹೋದವು, ಯಾರ ಬಳಿ ರಿಪೇರಿಗೆ ಹೋದವು ಎಂಬ ಗ್ರೀನಿಚ್ ವೀಕ್ಷಣಾಲಯದ ಲೆಕ್ಕದ ಪುಸ್ತಕಗಳು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ನಿಮ್ಮದಕ್ಕೆ ಬಾಣದ ಗುರುತಿಲ್ಲ, ಸರಕು ಹಡಗಿನದೇ ಇರಬೇಕು, ಅಲ್ಲಿ ಸಿಗುವ ಸಂಭವ ಕಡಿಮೆ. ಆದರೆ ಪೆಟ್ಟಿಗೆಯ ಫಲಕದ ಆ ಇನ್ನೊಂದು ಸಂಖ್ಯೆಯನ್ನೂ ಬಿಡದೆ ಬರೆದಿಡಿ. ಎಲ್ಲೋ ಪೆಟ್ಟಿಗೆ ಕಳೆದುಕೊಂಡ ಗಡಿಯಾರ ಇಟ್ಟುಕೊಂಡವರು ಅದನ್ನೇ ಹುಡುಕುತ್ತಿರಬಹುದು.

ನಿಮ್ಮ ಮಾವನವರ ಸೇವಾ ಪುಸ್ತಕ, ಹಡಗಿನ ಹೆಸರಿರುವ ಕಾಗದ, ಅವರು ಇದನ್ನು ಕೊಂಡ ರಸೀದಿ ಏನಿದ್ದರೂ ಗಡಿಯಾರದ ಜೊತೆಗೇ ಇಡಿ. ನೆನಪಿನಿಂದ ಕೇಳಿದ್ದನ್ನು "ಮನೆಯವರ ನೆನಪಿನ ಪ್ರಕಾರ" ಎಂದೇ ಬರೆಯಿರಿ.

ಲೋಲಕ:
ನನ್ನದೊಂದು ಭಿನ್ನಾಭಿಪ್ರಾಯ. ಮಾರುವ ಮುಂಚೆ ಬಲ್ಲವರಿಂದ ಸರ್ವಿಸ್ ಮಾಡಿಸಿದರೆ ಒಳ್ಳೆಯದಲ್ಲವೇ? ಓಡುವ ಕ್ರೊನೊಮೀಟರಿಗೂ ನಿಂತ ಕ್ರೊನೊಮೀಟರಿಗೂ ಬೇಡಿಕೆಯಲ್ಲಿ ತುಂಬಾ ವ್ಯತ್ಯಾಸ. ಜೊತೆಗೆ ನಿತ್ಯದ ದರದ, ಅಂದರೆ ದಿನಕ್ಕೆ ಎಷ್ಟು ಸೆಕೆಂಡ್ ಮುಂದೆ ಅಥವಾ ಹಿಂದೆ ಹೋಗುತ್ತದೆ ಎಂಬುದರ, ಪಟ್ಟಿಯೂ ಕೊಡಬಹುದು.

ರಿಪೇರಿ ಮೇಜು:
ಒಳ್ಳೆಯ ಪ್ರಶ್ನೆ. ನಾನು ಸರ್ವಿಸ್ ಮಾಡುವವನೇ ಆದರೂ ಇಲ್ಲಿ ಬೇಡ ಅನ್ನುತ್ತೇನೆ. ಸರ್ವಿಸಿನ ಖರ್ಚು ದೊಡ್ಡದು. ಸಂಗ್ರಹ ಮಾಡುವವರು ತಮಗೆ ನಂಬಿಕೆ ಇರುವವರ ಕೈಯಲ್ಲೇ ಮಾಡಿಸಲು ಇಷ್ಟಪಡುತ್ತಾರೆ, ನೀವು ಮಾಡಿಸಿದ್ದಕ್ಕೆ ಪೂರ್ತಿ ಬೆಲೆ ಕಟ್ಟುವುದಿಲ್ಲ. ಡಿಟೆಂಟ್ ಗೊತ್ತಿಲ್ಲದವರ ಕೈಗೆ ಸಿಕ್ಕರೆ ಅಲ್ಲಿಗೇ ಮುಗಿಯಿತು. ಬದಲಿಗೆ ಕ್ರೊನೊಮೀಟರ್ ಕೆಲಸವನ್ನೇ ಮಾಡುವವರಿಂದ ಬರೀ ತಪಾಸಣೆ ಮಾಡಿಸಿ. ಮೂವ್‌ಮೆಂಟನ್ನು ಬಟ್ಟಲಿನಿಂದ ಹೊರತೆಗೆದು ಡಿಟೆಂಟ್, ಸರಪಳಿ, ಸುರುಳಿ ಸ್ಪ್ರಿಂಗಿನ ತುಕ್ಕು, ಬ್ಯಾಲೆನ್ಸ್ ಮೊನೆ ನೋಡಿ, ಫೋಟೋ ತೆಗೆದು, ಎರಡು ಸಾಲು ಬರೆದುಕೊಟ್ಟರೆ ಸಾಕು. ಆ ಫೋಟೋ ಇಲ್ಲದ ಜಾಹೀರಾತನ್ನು ಗಂಭೀರ ಕೊಳ್ಳುಗರು ನೋಡುವುದೇ ಇಲ್ಲ.

ನೌಕಾಯಾನಿ:
ದರದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. "ಎಷ್ಟು ಸರಿಯಾಗಿ ಸಮಯ ತೋರಿಸುತ್ತದೆ?" ಎಂದು ಕೇಳುವವರು ಬಂದೇ ಬರುತ್ತಾರೆ. ಹಡಗಿನಲ್ಲಿ ನಾವು ಮುಳ್ಳನ್ನು ತಿದ್ದುತ್ತಲೇ ಇರಲಿಲ್ಲ. ದಿನಕ್ಕೆ ಎರಡು ಸೆಕೆಂಡ್ ಮುಂದೆ ಹೋಗುತ್ತದೆ ಅಂದರೆ ಹೋಗಲಿ, ಆದರೆ ಪ್ರತಿ ದಿನ ಅದೇ ಎರಡು ಸೆಕೆಂಡ್ ಆಗಿರಬೇಕು. ಪುಸ್ತಕದಲ್ಲಿ ಬರೆದು ಲೆಕ್ಕದಲ್ಲಿ ಕಳೆಯುತ್ತಿದ್ದೆವು. ಒಳ್ಳೆಯ ಕ್ರೊನೊಮೀಟರಿನ ಗುಣ ಅಂದರೆ ಚಳಿಗೂ ಸೆಕೆಗೂ ಬದಲಾಗದ ಆ ಸ್ಥಿರತೆ. ಗ್ರೀನಿಚ್‌ನಲ್ಲಿ ಇವುಗಳನ್ನು ಬಿಸಿ ಒಲೆಯೊಳಗೆ ಇಟ್ಟೂ ಪರೀಕ್ಷೆ ಮಾಡುತ್ತಿದ್ದರು. ಕೊಂಡವರು ಸರ್ವಿಸ್ ಮಾಡಿಸಿ ತಾವೇ ದರ ಬರೆದುಕೊಳ್ಳಲಿ, ಅದು ಅವರ ಸಂತೋಷ.

ಮರಗೆಲಸ:
ಒಂದು ಎಚ್ಚರಿಕೆ, ಇದನ್ನು ಯಾರೂ ಹೇಳಲಿಲ್ಲ. ಆ ಬಿಳಿ ಫಲಕ ಆನೆದಂತ ಆಗಿರಬಹುದು. ಆನೆದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ (ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ನಿರ್ಬಂಧ ಇದೆ, ಕೆಲವು ದೇಶಗಳಲ್ಲಿ ಒಳಗಿನ ಮಾರಾಟಕ್ಕೂ ಕಠಿಣ ಕಾನೂನಿದೆ. ಮರಕ್ಕೂ ಹಾಗೇ. ಬ್ರೆಜಿಲ್‌ನ ಬೀಟೆ 1992ರಿಂದ ಆ ಒಪ್ಪಂದದ ಅತಿ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. 2017ರಿಂದ ಆ ಕುಲದ ಉಳಿದ ಮರಗಳೂ ನಿಯಂತ್ರಣಕ್ಕೆ ಬಂದಿವೆ. ಹಳೆಯ ವಸ್ತುಗಳಿಗೆ ವಿನಾಯಿತಿ ಪತ್ರ ಸಿಗುತ್ತದೆ, ಆದರೆ ಅದನ್ನು ಕಳಿಸುವ ಮುಂಚೆ ಪಡೆಯಬೇಕು. ನೂರು ವರ್ಷ ದಾಟಿದ ವಸ್ತುಗಳನ್ನು ಹೊರದೇಶಕ್ಕೆ ಕಳಿಸಲು ಪರವಾನಗಿ ಕೇಳುವ, ಇಲ್ಲವೇ ಬಿಡದಿರುವ ದೇಶಗಳೂ ಇವೆ. ಹಾಗಾಗಿ ಹೊರಗಿನವರಿಗೆ ಮಾತು ಕೊಡುವ ಮುಂಚೆ ನಿಮ್ಮ ಕಡೆಯ ಕಾನೂನು ವಿಚಾರಿಸಿ.

ಫಲಕವನ್ನು ಭೂತಗನ್ನಡಿಯಲ್ಲಿ ನೋಡಿ. ಕಪ್ಪು ಚುಕ್ಕಿಗಳಂಥ ಸಣ್ಣ ರಂಧ್ರ ಕಂಡರೆ ಮೂಳೆ. ಕಾಯಿಸಿದ ಸೂಜಿ ಚುಚ್ಚಿ ನೋಡಿ ಎನ್ನುವವರಿದ್ದಾರೆ, ಅದನ್ನು ಮಾತ್ರ ಮಾಡಬೇಡಿ. ಸೆಲ್ಯುಲಾಯ್ಡ್ ಎಂಬ ಹಳೇ ಪ್ಲಾಸ್ಟಿಕ್ ಆಗಿದ್ದರೆ ಹೊತ್ತಿಕೊಳ್ಳುತ್ತದೆ. ಫಲಕ ಕಿತ್ತು ಮಾರೋಣ ಅಂತಲೂ ಯೋಚಿಸಬೇಡಿ, ಪೆಟ್ಟಿಗೆಯ ಗುರುತೇ ಹೋಗುತ್ತದೆ.

ಹೊಳಪು:
ಇದೆಲ್ಲ ನನಗೆ ಗೊತ್ತೇ ಇರಲಿಲ್ಲ. ಹಾಗಾದ್ರೆ ಎಲ್ಲಿ ಮಾರೋದು ಒಳ್ಳೇದು? ಸಾಮಾನ್ಯ ಜಾಹೀರಾತು ತಾಣದಲ್ಲಿ ಹಾಕಿದ್ರೆ ಆಗಲ್ವಾ?

ಸಂಗ್ರಾಹಕ:
ಆಗುತ್ತದೆ, ಆದರೆ ನೂರು ಜನ ಕೊನೆಯ ಬೆಲೆ ಎಷ್ಟು ಅಂತ ಕೇಳುತ್ತಾರೆ, ಒಬ್ಬರೂ ಸಂಖ್ಯೆ ಕೇಳುವುದಿಲ್ಲ. ಗಡಿಯಾರಕ್ಕೆಂದೇ ಪ್ರತ್ಯೇಕ ಹರಾಜು ನಡೆಸುವ ಸಂಸ್ಥೆಗೆ ಕೊಟ್ಟರೆ ಸರಿಯಾದ ಜನ ನೋಡುತ್ತಾರೆ. ಅಲ್ಲಿ ಕಮಿಷನ್ ಕೇಳಿಯೇ ಒಪ್ಪಿಕೊಳ್ಳಿ. ಫೋಟೋ, ವಿಮೆ, ಮಾರಾಟವಾಗದಿದ್ದರೆ ವಾಪಸ್ ಕಳಿಸುವ ಖರ್ಚು ಯಾರದೆಂದು ಬರಹದಲ್ಲಿ ಪಡೆಯಿರಿ. ಇದಕ್ಕಿಂತ ಕಡಿಮೆಗೆ ಬಿಡಬಾರದು ಎಂಬ ರಿಸರ್ವ್ ಬೆಲೆ ಇಡಿ, ಆದರೆ ಅದನ್ನು ಎತ್ತರಕ್ಕೆ ಇಟ್ಟು ಮಾರಾಟವಾಗದೆ ಉಳಿದರೆ ಮುಂದಿನ ಹರಾಜಿನಲ್ಲಿ ಅದೇ ಕಪ್ಪು ಚುಕ್ಕೆ.

ವ್ಯಾಪಾರಿಗೆ ಕೊಟ್ಟರೆ ಹಣ ಕೂಡಲೇ ಬರುತ್ತದೆ, ಅವರ ಲಾಭದಷ್ಟು ಕಡಿಮೆ ಬರುತ್ತದೆ. ನಾನು ಹೆಚ್ಚು ಇಷ್ಟಪಡುವುದು ಸಂಗ್ರಾಹಕರಿಗೆ ನೇರ ಮಾರುವುದನ್ನು. ಬ್ರಿಟನ್ನಿನಲ್ಲಿ 1953ರಲ್ಲಿ ಶುರುವಾದ ಆಂಟಿಕ್ವೇರಿಯನ್ ಹೊರೊಲಾಜಿಕಲ್ ಸೊಸೈಟಿ, ಅಮೆರಿಕದಲ್ಲಿ 1943ರ ಗಡಿಯಾರ ಸಂಗ್ರಾಹಕರ ರಾಷ್ಟ್ರೀಯ ಸಂಘ, ಇಂಥ ಕಡೆಯ ಸದಸ್ಯರು ಸಂಖ್ಯೆ ನೋಡಿದರೇ ಕಾಲ ಅಂದಾಜು ಮಾಡುತ್ತಾರೆ. ಬೆಲೆಗೆ ಒಂದೇ ಮಾತು: ಜಾಹೀರಾತಿನಲ್ಲಿ ಕೇಳಿದ ಬೆಲೆ ನೋಡಬೇಡಿ, ಹರಾಜಿನಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ. ಅದೂ ನಿಮ್ಮದರಂತೆ ಎರಡು ದಿನದ್ದು, ಪೆಟ್ಟಿಗೆ ಬೇರೆಯದ್ದು ಇರುವುದಕ್ಕೇ ಹೋಲಿಸಿ. ಎಂಟು ದಿನ ಓಡುವವು, ಕುಲ್‌ಬರ್ಗ್, ಫ್ರಾಡ್‌ಶಮ್‌ನಂಥ ಪ್ರಸಿದ್ಧ ತಯಾರಕರ ಹೆಸರಿನವು ಬೇರೆಯೇ ಸಾಲಿನವು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನೌಕಾಪಡೆಗೆ ಸಾವಿರಗಟ್ಟಲೆ ತಯಾರಾದ ಹ್ಯಾಮಿಲ್ಟನ್ 21 ಎಂಬ ಮಾದರಿ ಇನ್ನೊಂದು ಸಾಲು.

ಸಾಗರಿಕ:
ಚರ್ಚೆ ಓದಿ ತೀರ್ಮಾನಕ್ಕೆ ಬಂದೆ. ತಪಾಸಣೆ ಮಾತ್ರ ಮಾಡಿಸುತ್ತೇನೆ. ಪೆಟ್ಟಿಗೆ ಬೇರೆಯದು ಎಂಬುದನ್ನು ಮೊದಲ ಸಾಲಿನಲ್ಲೇ ಬರೆಯುತ್ತೇನೆ. ಫಲಕದಲ್ಲಿ ಆ ರಂಧ್ರಗಳು ಕಾಣುತ್ತವೆ, ಆದರೂ ತಪಾಸಣೆ ಮಾಡುವವರನ್ನೇ ಕೇಳಿ ಖಚಿತ ಮಾಡಿಕೊಳ್ಳುತ್ತೇನೆ. ಅವಸರದಲ್ಲಿ ಮಾರುವುದಿಲ್ಲ. ಒಂದೇ ಚಿಂತೆ, ತಪಾಸಣೆಗೆ ತೆಗೆದುಕೊಂಡು ಹೋಗುವುದು ಹೇಗೆ?

ರಿಪೇರಿ ಮೇಜು:
ನಿಂತಿರುವುದರಿಂದ ಅರ್ಧ ಕೆಲಸ ಆಗಿದೆ. ಪೆಟ್ಟಿಗೆಯ ಒಳಮೂಲೆಯಲ್ಲಿ ಬಟ್ಟಲನ್ನು ಅಲ್ಲಾಡದಂತೆ ಹಿಡಿಯುವ ಹಿತ್ತಾಳೆಯ ತಿರುಗುಪಟ್ಟಿ ಇರುತ್ತದೆ, ಅದನ್ನು ಬಟ್ಟಲಿನ ಕಟ್ಟಿನ ಮೇಲೆ ಬರುವಂತೆ ತಿರುಗಿಸಿ ಬಿಗಿ ಮಾಡಿ. ಬಲವಂತ ಬೇಡ. ಪೆಟ್ಟಿಗೆಯನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ, ದೊಡ್ಡ ರಟ್ಟಿನ ಡಬ್ಬಿಯಲ್ಲಿ ಆರೂ ಕಡೆ ಸ್ಪಂಜು ಕೊಟ್ಟು, ತೊಡೆಯ ಮೇಲೋ ಸೀಟಿನ ಮೇಲೋ ಇಟ್ಟುಕೊಂಡು ಹೋಗಿ. ಹೊತ್ತು ನಡೆಯುವಾಗ ಗಕ್ಕನೆ ತಿರುಗಬೇಡಿ. ಚಾವಿಯನ್ನು ಪೆಟ್ಟಿಗೆಯಲ್ಲಿ ಸಡಿಲವಾಗಿ ಬಿಡಬೇಡಿ, ಗಾಜಿಗೆ ಬಡಿಯುತ್ತದೆ.

ಕೊಂಡವರಿಗೆ ಒಪ್ಪಿಸುವಾಗಲೂ ಅವರೇ ಬಂದು ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಕೊರಿಯರ್‌ನಲ್ಲೇ ಕಳಿಸಬೇಕಾಗಿ ಬಂದರೆ ತಪಾಸಣೆ ಮಾಡಿದವರ ಕೈಯಲ್ಲೇ ಬ್ಯಾಲೆನ್ಸ್ ಚಕ್ರಕ್ಕೆ ಬಿರಡೆಯ ಚೂರು ಕೊಟ್ಟು ನಿಲ್ಲಿಸಿ, ಬಟ್ಟಲನ್ನು ಪೆಟ್ಟಿಗೆಯಿಂದ ತೆಗೆಸಿ ಬೇರೆ ಡಬ್ಬಿಯಲ್ಲಿ ಕಟ್ಟಿಸಿ. ಬಿರಡೆ ತೆಗೆಯದೆ ಕೀ ಕೊಡಬಾರದು ಎಂದು ದಪ್ಪ ಅಕ್ಷರದಲ್ಲಿ ಚೀಟಿ ಬರೆದು ಬಟ್ಟಲಿನ ಗಾಜಿನ ಮೇಲೇ ಇಡಿ.

ಸಾಗರಿಕ:
ತಿರುಗುಪಟ್ಟಿ ಸಿಕ್ಕಿತು, ಸಲೀಸಾಗಿ ಕೂತಿತು. ಚಾವಿಯನ್ನು ಬಟ್ಟೆಯಲ್ಲಿ ಸುತ್ತಿ ಬೇರೆ ಇಟ್ಟಿದ್ದೇನೆ. ತಪಾಸಣೆಯ ಫೋಟೋ ಬಂದ ಮೇಲೆ ಇಲ್ಲೇ ಹಾಕುತ್ತೇನೆ, ಡಿಟೆಂಟ್ ಹೇಗಿದೆ ಅಂತ ನೀವೇ ನೋಡಿ ಹೇಳಿ.